ಹಿಮ ಬರುವ ಮುಂಚಿನ ಸಂಜೆ

2022ರ ಡಿಸೆಂಬರ್ 22, ಗುರುವಾರ ಸಂಜೆ. ಬಫಲೋ ಹೊರವಲಯದ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ರಜೆಯ ಸಡಗರಕ್ಕಿಂತ ಹಿಮದ ತಯಾರಿಯೇ ಜೋರಾಗಿತ್ತು. ಎರಡು ಗ್ಯಾಲನ್ ಹಾಲು, ಬ್ರೆಡ್ಡು, ಟಾರ್ಚಿಗೆ ಸೆಲ್ಲು ತಂದಿದ್ದೆ. ಬಾಗಿಲ ಬಳಿ ಸಲಿಕೆ, ಉಪ್ಪಿನ ಚೀಲ. ಕರೆಂಟು ಹೋದರೆ ಇರಲಿ ಎಂದು ಒಂದು ದೊಡ್ಡ ಪಾತ್ರೆ ಸಾರನ್ನೂ ಮಾಡಿಟ್ಟಿದ್ದೆ. ಹೊರಗೆ ಮಾತ್ರ ಅಂಥ ಚಳಿಯೇನೂ ಇರಲಿಲ್ಲ.

ತೀರ್ಥಹಳ್ಳಿಯಿಂದ ಅಮ್ಮನ ಫೋನು ಬಂತು. ಅಲ್ಲಿ ಆಗಲೇ ಶುಕ್ರವಾರ ಬೆಳಗಾಗಿತ್ತು. "ನಾಳೆ ಬರೋದು ಇವತ್ತೇ ಹೆಂಗೆ ಗೊತ್ತಾಗುತ್ತೆ ಮಾರಾಯ?" ಎಂದಳು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬ ತುಂಬುವ ಅಮ್ಮನಿಗೆ ಕಾಯುವುದು ಹೊಸದಲ್ಲ. ಆದರೆ ಅವಳು ಕಾಯುವುದು ಆರಿದ್ರಾ, ಪುನರ್ವಸು ಎಂದು ನಕ್ಷತ್ರಗಳ ಲೆಕ್ಕದಲ್ಲಿ ಬರುವ ಒಂದು ಕಾಲಕ್ಕೆ. ಇಂಥ ದಿನ, ಇಂಥ ಹೊತ್ತಿಗೆ ಎಂದು ಬಿರುಗಾಳಿಯೊಂದಕ್ಕೆ ಕಾಯುವ ಅಭ್ಯಾಸಕ್ಕೆ ಇನ್ನೂರು ವರ್ಷವೂ ಆಗಿಲ್ಲ.

ಅದನ್ನು ಸಾಧ್ಯವಾಗಿಸಿದ್ದು ಟೆಲಿಗ್ರಾಫ್. ಕುದುರೆಯ ಮೇಲೆ ಬರುವ ಸುದ್ದಿಗಿಂತ ಬಿರುಗಾಳಿಯೇ ಬೇಗ ಬರುತ್ತಿತ್ತು. ತಂತಿ ಬಂದ ಮೇಲೆ ಸುದ್ದಿ ಗಾಳಿಯನ್ನು ಹಿಂದೆ ಹಾಕಿತು. 1860ರ ದಶಕದ ಕೊನೆಗೆ ಗ್ರೇಟ್ ಲೇಕ್ಸ್ ಸರೋವರಗಳಲ್ಲಿ ಹಡಗುಗಳು ಸಾಲುಸಾಲಾಗಿ ಮುಳುಗಿದಾಗ, ಮಿಲ್ವಾಕಿಯ ಇನ್‌ಕ್ರೀಸ್ ಲ್ಯಾಫಮ್ ಎಂಬ ವಿಜ್ಞಾನಿ ಸರ್ಕಾರವೇ ಮುನ್ನೆಚ್ಚರಿಕೆ ಕೊಡಬೇಕೆಂದು ಪಟ್ಟುಹಿಡಿದ. 1870ರ ಫೆಬ್ರವರಿ 9ರಂದು ಅಧ್ಯಕ್ಷ ಗ್ರಾಂಟ್ ಅದಕ್ಕೆ ಸಹಿ ಹಾಕಿದರು. ಕೆಲಸ ಸೇನೆಯ ಸಿಗ್ನಲ್ ವಿಭಾಗಕ್ಕೆ ಬಿತ್ತು. ಅದೇ ವರ್ಷ ನವೆಂಬರ್ 1ರಂದು 24 ಕೇಂದ್ರಗಳಲ್ಲಿ ಏಕಕಾಲಕ್ಕೆ ಹವಾಮಾನ ಅಳೆದು ತಂತಿಯಲ್ಲಿ ಕಳುಹಿಸಿದರು.

ಆದರೆ ತಂತಿ ಎಲ್ಲರ ಮನೆಗೂ ಹೋಗಿರಲಿಲ್ಲ. 1888ರ ಜನವರಿ 12ರ ಬೆಳಗ್ಗೆ ಡಕೋಟ, ನೆಬ್ರಾಸ್ಕ ಬಯಲುಗಳಲ್ಲಿ ಎಷ್ಟೋ ದಿನಗಳ ನಂತರ ಚಳಿ ಇಳಿದಿತ್ತು. ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಹೊರಟರು. ಬಿರುಗಾಳಿ ಇದ್ದಕ್ಕಿದ್ದಂತೆ ಗೋಡೆಯಂತೆ ಎದ್ದು ಬಂತು. ಹಲವು ಕಡೆ ಅದು ಬಂದದ್ದು ಮಕ್ಕಳು ಶಾಲೆಯಲ್ಲೋ ದಾರಿಯಲ್ಲೋ ಇದ್ದ ಹೊತ್ತಿಗೆ. ಸುಮಾರು 235 ಜನ ಸತ್ತರೆಂದು ಅಂದಾಜು. ಸೇಂಟ್ ಪಾಲ್ ನಗರದಲ್ಲಿದ್ದ ಸೇನೆಯ ಮುನ್ಸೂಚಕ ಶೀತಗಾಳಿಯ ಎಚ್ಚರಿಕೆಯನ್ನೇನೋ ಕೊಟ್ಟಿದ್ದ. ಅದರ ಗುರುತು, ಬಿಳಿ ಬಟ್ಟೆಯ ನಡುವೆ ಕಪ್ಪು ಚೌಕವಿದ್ದ ಒಂದು ಬಾವುಟ. ಪಟ್ಟಣದಲ್ಲಿ ಹಾರಿಸಿದ ಬಾವುಟ ಹುಲ್ಲುಗಾವಲಿನ ನಡುವಿನ ಒಂಟಿ ಶಾಲೆಗೆ ಕಾಣುವುದಾದರೂ ಹೇಗೆ?

ನಮಗೆ ಆ ಕಷ್ಟ ಇರಲಿಲ್ಲ. ಉಪಗ್ರಹಗಳಿದ್ದವು, ಕಂಪ್ಯೂಟರುಗಳಿದ್ದವು, ಕೈಯಲ್ಲೇ ಫೋನಿತ್ತು. ತಲೆಮಾರಿಗೊಮ್ಮೆ ಬರುವಂಥ ಬಿರುಗಾಳಿ ಎಂದು ಇಲ್ಲಿನ ಹವಾಮಾನ ಕಚೇರಿ ದಿನಗಳ ಮೊದಲೇ ಹೇಳಿತ್ತು. ಈರಿ ಸರೋವರ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಅದರ ಉದ್ದಕ್ಕೂ ಹಾದುಬರುವ ಕೊರೆಯುವ ಗಾಳಿ ನೀರಿನಿಂದ ಶಾಖವನ್ನೂ ತೇವವನ್ನೂ ಹೀರಿಕೊಂಡು, ದಡ ಮುಟ್ಟಿದ ಮೇಲೆ ನಮ್ಮ ಊರಿನ ಮೇಲೆಯೇ ಹಿಮ ಸುರಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಶುಕ್ರವಾರ ಬೆಳಗ್ಗೆ ಆರಕ್ಕೆ ಹೆಂಡತಿಗೆ ಆಸ್ಪತ್ರೆ ಡ್ಯೂಟಿ ಇತ್ತು. ಅದೂ ಗೊತ್ತಿತ್ತು.

ಅವಳು ಕತ್ತಲಲ್ಲೇ ಹೊರಟಳು. ವಾಹನ ಓಡಿಸಬಾರದೆಂಬ ಕೌಂಟಿಯ ಆದೇಶ ಜಾರಿಗೆ ಬಂದದ್ದು ಒಂಬತ್ತೂವರೆಗೆ. ಅಷ್ಟರಲ್ಲಿ ಬೆಳಗಿನ ಪಾಳಿಯವರೆಲ್ಲ ಕೆಲಸದಲ್ಲಿದ್ದರು. ಆಮೇಲೆ ಕಿಟಕಿಯಾಚೆ ಪಕ್ಕದ ಮನೆಯೂ ಕಾಣಲಿಲ್ಲ. 37 ಗಂಟೆ ಅದೇ ಸ್ಥಿತಿ. ಗಾಳಿಯ ವೇಗ ಗಂಟೆಗೆ 70 ಮೈಲಿ ದಾಟಿತು, ವಿಮಾನ ನಿಲ್ದಾಣದಲ್ಲಿ ಹಿಮ 50 ಇಂಚು ದಾಟಿತು. ತಯಾರಾಗಿದ್ದವನು ನಾನು, ಮನೆಯಲ್ಲಿ ಬೆಚ್ಚಗಿದ್ದೆ. ಅವಳು ಆಸ್ಪತ್ರೆಯ ಕುರ್ಚಿಯಲ್ಲಿ ನಿದ್ದೆ ಮಾಡಿ ಎದ್ದು ಮತ್ತೆ ಪಾಳಿ ಮಾಡುತ್ತಿದ್ದಳು. ಭಾನುವಾರದ ಕ್ರಿಸ್‌ಮಸ್ ಹೀಗೇ ಕಳೆಯಿತು.

ಮಂಗಳವಾರ ಅವಳು ಮನೆಗೆ ಬಂದಳು. 40ಕ್ಕೂ ಹೆಚ್ಚು ಜನ ಬರಲಿಲ್ಲ. ಕೆಲವರು ಕಾರಿನಲ್ಲೇ, ಕೆಲವರು ಬೀದಿಯಲ್ಲಿ, ಕೆಲವರು ಶಾಖವಿಲ್ಲದ ಮನೆಯೊಳಗೆ ಸತ್ತಿದ್ದರು. ನಗರದೊಳಗೆ ಸತ್ತವರಲ್ಲಿ ಹೆಚ್ಚಿನವರು ಕಪ್ಪುಜನರು. 1888ರಲ್ಲಿ ಎಚ್ಚರಿಕೆ ಮಕ್ಕಳನ್ನು ತಲುಪಲಿಲ್ಲ. 2022ರಲ್ಲಿ ಅದು ತಲುಪದ ಮನೆ ಕಡಿಮೆ. ಆದರೆ ಅದನ್ನು ಕೇಳಿ ಮನೆಯಲ್ಲಿ ಉಳಿಯುವ, ಉಳಿದರೂ ಬೆಚ್ಚಗಿರುವ ಅನುಕೂಲ ಎಲ್ಲರಿಗೂ ಇರಲಿಲ್ಲ.

ಅಮ್ಮ ಈಗಲೂ ಚಳಿಗಾಲದಲ್ಲಿ ಫೋನ್ ಮಾಡಿ, "ಹಿಮ ಯಾವಾಗಂತೆ?" ಎಂದು ಕೇಳುತ್ತಾಳೆ. ನಾನು ಹಾಲು ಬ್ರೆಡ್ಡಿನ ಪಟ್ಟಿ ಬರೆಯುವ ಮೊದಲು ಫ್ರಿಜ್ಜಿನ ಮೇಲೆ ಅಂಟಿಸಿದ ಹೆಂಡತಿಯ ಡ್ಯೂಟಿ ಪಟ್ಟಿ ನೋಡುತ್ತೇನೆ.