ನಿಯೋಅಡ್ಜುವೆಂಟ್ ಚಿಕಿತ್ಸೆ

ಕ್ಯಾನ್ಸರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಮೊದಲೇ ಔಷಧಿ ಕೊಡುವ ಕ್ರಮ. ಈ ಹೆಸರನ್ನು 1982ರಲ್ಲಿ ಬಳಕೆಗೆ ತಂದವರು ಅಮೆರಿಕದ ವೈದ್ಯ ಎಮಿಲ್ ಫ್ರೈ. ಪದ್ಧತಿ ಅದಕ್ಕೂ ಹಳೆಯದು.

ಅದು ಬೇರೂರಿದ್ದು ಅನಿವಾರ್ಯದಿಂದ ಎನ್ನಬೇಕು. ಹದಿಹರೆಯದವರನ್ನು ಹೆಚ್ಚಾಗಿ ಕಾಡುವ ಮೂಳೆಯ ಕ್ಯಾನ್ಸರ್ ಆಸ್ಟಿಯೋಸಾರ್ಕೋಮಾಕ್ಕೆ ಕಾಲು ಕತ್ತರಿಸುವುದೇ ರೂಢಿಯಾಗಿತ್ತು. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಕಾಲು ಉಳಿಸುವ ಯತ್ನ ನಡೆದಾಗ, ರೋಗಿಯ ಅಳತೆಗೆ ತಕ್ಕ ಲೋಹದ ಮೂಳೆ ತಯಾರಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಗಡ್ಡೆಯೇನೂ ಕಾಯುವುದಿಲ್ಲವಲ್ಲ. ಆ ಬಿಡುವಿನಲ್ಲಿ ಜೆರಾಲ್ಡ್ ರೋಸೆನ್ ಕೀಮೋಥೆರಪಿ ಕೊಟ್ಟರು. ತೆಗೆದ ಗಡ್ಡೆಗಳನ್ನು ಆಂಡ್ರ್ಯೂ ಹುವೋಸ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಶೇ. 90ಕ್ಕೂ ಹೆಚ್ಚು ಭಾಗ ಸತ್ತಿದ್ದರೆ ಆ ರೋಗಿ ಬದುಕುವ ಸಂಭವ ಹೆಚ್ಚೆಂಬುದು ಕ್ರಮೇಣ ಖಚಿತವಾಯಿತು. ಔಷಧಿ ನಾಟಿತೇ ಇಲ್ಲವೇ ಎಂದು ವರ್ಷಗಟ್ಟಲೆ ಕಾಯದೆ ತಿಳಿಯುವ ಈ ಅನುಕೂಲ, ಕಾಲು ಉಳಿದದ್ದಕ್ಕಿಂತ ಸಣ್ಣ ಲಾಭವಲ್ಲ.

ಸ್ತನ ಕ್ಯಾನ್ಸರ್‌ನಲ್ಲಿ ಉತ್ಸಾಹಕ್ಕೆ ತುಸು ತಡೆ ಬಿತ್ತು. 1988ರಲ್ಲಿ ಅಮೆರಿಕದಲ್ಲಿ ಆರಂಭವಾದ, 1,523 ಮಹಿಳೆಯರ ಬಿ-18 ಪ್ರಯೋಗದಲ್ಲಿ ಒಂದೇ ಕೀಮೋಥೆರಪಿಯನ್ನು ಕೆಲವರಿಗೆ ಮೊದಲು, ಉಳಿದವರಿಗೆ ಆಮೇಲೆ ಕೊಡಲಾಯಿತು. ಮೊದಲು ಪಡೆದವರಲ್ಲಿ ಸ್ತನ ಉಳಿಸಿಕೊಂಡವರು ಹೆಚ್ಚು. ಆದರೆ ಆಯುಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಂತೂ, ಕೀಮೋಥೆರಪಿಯ ನಂತರ ಶಸ್ತ್ರಚಿಕಿತ್ಸೆ ಮಾಡುವುದಕ್ಕಿಂತ ವಿಕಿರಣದ ಜೊತೆಗೇ ಕೀಮೋಥೆರಪಿ ಕೊಡುವುದು ಮೇಲೆಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗ 2018ರಲ್ಲಿ ತೋರಿಸಿತು.

ಇಮ್ಯುನೋಥೆರಪಿ ಬಂದ ಮೇಲೆ ಸರದಿಯ ಪ್ರಶ್ನೆಯೇ ಬದಲಾಯಿತು. ಈ ಔಷಧಿ ನೇರವಾಗಿ ಗಡ್ಡೆಯನ್ನು ಕೊಲ್ಲುವುದಿಲ್ಲ. ದೇಹದ ರೋಗನಿರೋಧಕ ಟಿ-ಕೋಶಗಳ ಮೇಲಿನ ಕಡಿವಾಣ ಸಡಿಲಿಸುತ್ತದೆ. ಗಡ್ಡೆ ಒಳಗಿದ್ದರೆ ಆ ಕೋಶಗಳಿಗೆ ವೈರಿಯ ಗುರುತು ಚೆನ್ನಾಗಿ ಸಿಗುತ್ತದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ 313 ರೋಗಿಗಳ ಮೇಲೆ ನಡೆದ ಅಮೆರಿಕದ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಹೊರಬಂತು. ಎರಡೂ ಗುಂಪಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಂಥ ಔಷಧಿಯ 18 ಡೋಸ್‌ಗಳೇ ನಿಗದಿಯಾಗಿದ್ದವು. ಒಂದು ಗುಂಪಿಗೆ ಮಾತ್ರ ಮೊದಲ ಮೂರನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಕೊಟ್ಟರು. ಎರಡು ವರ್ಷಗಳವರೆಗೆ ರೋಗ ಉಲ್ಬಣಿಸದೆ, ಮರುಕಳಿಸದೆ ಇದ್ದವರು ಆ ಗುಂಪಿನಲ್ಲಿ ಶೇ. 72, ಇನ್ನೊಂದರಲ್ಲಿ ಶೇ. 49. ಅದೇ ವರ್ಷ ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಕೀಮೋಥೆರಪಿಯೊಡನೆ ಇಂಥದೇ ಔಷಧಿ ನಿವೊಲುಮ್ಯಾಬ್ ಕೊಡಲು ಅಮೆರಿಕ ಅನುಮತಿಸಿತು.

ತೊಡಕೂ ಇದೆ: ಕೆರಳಿದ ಟಿ-ಕೋಶಗಳು ಥೈರಾಯ್ಡ್, ಯಕೃತ್ತುಗಳ ಮೇಲೆ ಎರಗಿದರೆ ಶಸ್ತ್ರಚಿಕಿತ್ಸೆಯೇ ಮುಂದೆ ಹೋಗಬಹುದು. ಇನ್ನು ಕೆಲವರಿಗೆ ಅದು ಬೇಕಾಗುವುದೇ ಇಲ್ಲ. ವಿಶಿಷ್ಟ ಜೀನ್‌ದೋಷವಿದ್ದ ಗುದನಾಳದ ಕ್ಯಾನ್ಸರ್‌ನ 12 ಮಂದಿಗೆ ಸ್ಲೋನ್ ಕೆಟರಿಂಗ್‌ನವರು ಡೊಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಕೊಟ್ಟಾಗ 12 ಮಂದಿಯಲ್ಲೂ ಗಡ್ಡೆ ಮಾಯವಾಯಿತು. 2022ರಲ್ಲಿ ವರದಿ ಬಂದಾಗ ಅವರಲ್ಲಿ ಯಾರಿಗೂ ಶಸ್ತ್ರಚಿಕಿತ್ಸೆ ಆಗಿರಲಿಲ್ಲ.