ದಿವಾಳೆಯ ಕೋಳಿವಾಡೆಯಲ್ಲಿ ಒಂದು ಸಂಜೆ

ಸಮುದ್ರವೆಂದೊಡನೆ ನಮ್ಮವರ ಮನಸ್ಸು ಮಲ್ಪೆಯತ್ತ ಹರಿಯುವುದು ಸಹಜ. ದ್ವಾರಕೆಯಿಂದ ಗೋಪೀಚಂದನ ಹೊತ್ತು ಬಂದ ಹಡಗು, ಶ್ರೀಮದಾಚಾರ್ಯರ ಅನುಗ್ರಹ, ಆ ಗಡ್ಡೆಯೊಳಗಿಂದ ದೊರೆತ ಉಡುಪಿಯ ಶ್ರೀಕೃಷ್ಣ, ಈ ಪರಂಪರಾಗತ ವೃತ್ತಾಂತವನ್ನು ಅರಿಯದ ಮನೆ ನಮ್ಮಲ್ಲಿಲ್ಲ. ಆದರೆ ಕೋಪರಖೈರಣೆಯಲ್ಲಿ ನೆಲೆಸಿ ಎರಡು ದಶಕಗಳು ಕಳೆದರೂ ಸಮೀಪದ ಕಡಲಹಳ್ಳಿಯೊಂದನ್ನು ನಾನು ನೋಡಿರಲಿಲ್ಲವೆಂಬುದು ಸಂಕೋಚದ ಸಂಗತಿ.

ಕಳೆದ ನೂಲ ಹುಣ್ಣಿಮೆಯಂದು ಬೆಳಿಗ್ಗೆ ಉಪಾಕರ್ಮ ಮುಗಿಸಿ, ಮಧ್ಯಾಹ್ನದ ಬಳಿಕ ಮೊಮ್ಮಗನೊಡನೆ ಪನವೇಲದ ಗಾಡಿ ಹಿಡಿದು ಬೇಲಾಪುರದಲ್ಲಿಳಿದು ದಿವಾಳೆ ಗ್ರಾಮಕ್ಕೆ ಹೋದೆ. ನಮಗೆ ಯಜ್ಞೋಪವೀತದ ಹುಣ್ಣಿಮೆಯಾದ ದಿನವೇ ಅವರಿಗೆ ನಾರಳೀ ಪೌರ್ಣಿಮೆ. ಮಳೆಗಾಲದಲ್ಲಿ ದಡದಲ್ಲಿದ್ದ ದೋಣಿಗಳನ್ನು ಅಲಂಕರಿಸಿ, ವಾದ್ಯಗಳೊಡನೆ ತೆಂಗಿನಕಾಯಿಯನ್ನು ಮೆರವಣಿಗೆಯಲ್ಲಿ ಒಯ್ದು ಸಮುದ್ರರಾಜನಿಗೆ ಅರ್ಪಿಸಿದ ಮೇಲೆಯೇ ಮೀನುಗಾರಿಕೆಯ ಹೊಸ ವರ್ಷ ಆರಂಭವಾಗುವುದು ಸಂಪ್ರದಾಯ. "ಅಜ್ಜ, ಕೋಳಿ ಅಂದ್ರ ಹಕ್ಕಿ ಅಲ್ಲೇನು?" ಎಂದು ಮೊಮ್ಮಗ ಕೇಳಿದ. ಇಲ್ಲಿ ಅದು ಜನಾಂಗದ ಹೆಸರು. ಮುಂಬಯಿಯ ದ್ವೀಪಗಳ ಮೂಲ ನಿವಾಸಿಗಳಾದ ಬೆಸ್ತರು ಇವರು.

ಒಣಮೀನಿನ ವಾಸನೆಯನ್ನು ನಾನು ಸಹಿಸಿದೆನೆಂದಷ್ಟೇ ಹೇಳಬಲ್ಲೆ. ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ವೃದ್ಧರೊಬ್ಬರನ್ನು "ಕಾಕಾ" ಎಂದು ಮರಾಠಿಯಲ್ಲಿ ಮಾತನಾಡಿಸಿದೆ. ಅವರ ಕೈಯಲ್ಲಿದ್ದುದು ಡೋಲ್ ಎಂಬ ಬಲೆ. ಅಗಲ ಬಾಯಿಯ, ತುದಿಯಲ್ಲಿ ಕಿರಿದಾಗುವ ಉದ್ದ ಚೀಲದಂತಹದು. ಅದನ್ನು ಎಳೆಯುವುದಿಲ್ಲ. ಪ್ರವಾಹಕ್ಕೆ ಎದುರಾಗಿ ಬಿಗಿದು ನಿಲ್ಲಿಸುತ್ತಾರೆ, ನೀರು ತಾನೇ ಮೀನನ್ನು ತಂದು ತುಂಬುತ್ತದೆ. ಆದುದರಿಂದ ನೀರಿನ ಬಲವೇ ಅವರ ಬಂಡವಾಳ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿನ ದೊಡ್ಡ ಉಬ್ಬರ ಅವರ ಭಾಷೆಯಲ್ಲಿ ಉಧಾಣ. ಅಷ್ಟಮಿಯ ಸುಮಾರಿನ ಮಂದ ಉಬ್ಬರ ಭಾಂಗ.

ಇಲ್ಲಿ ನನಗೆ ಹಳೆಯದೊಂದು ನೆನಪಾಯಿತು. 2004ರಲ್ಲಿ ತೆರೆದ ಠಾಣೆ–ವಾಶಿ ರೈಲುಮಾರ್ಗದ ಮೋರಿಗಳ ಕೆಲಸದಲ್ಲಿ ನಾನಿದ್ದೆ. ಉಬ್ಬರದ ವೇಳೆ ತಿಳಿಯಲು ಮುದ್ರಿತ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡಿರುತ್ತಿದ್ದೆ. ಒಂದು ದಿನ ಅದು ಮಳೆಯಲ್ಲಿ ನೆನೆದು ಹಾಳಾಯಿತು. ಮಣ್ಣು ಹೊರುತ್ತಿದ್ದ ಸ್ಥಳೀಯನೊಬ್ಬ, "ಸಾಹೇಬ, ಇಂದು ಚೌತಿ, ಮೂರು ಗಂಟೆಗೆ ನೀರು ತುಂಬುತ್ತದೆ" ಎಂದ. ಹಾಗೆಯೇ ಆಯಿತು. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಸರಿಸುಮಾರು ಬರುತ್ತದೆ. ಚಂದ್ರನು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಬರುವುದರಿಂದ ಈ ಸೂತ್ರ ಸಲ್ಲುತ್ತದೆ. ಡಿಪ್ಲೊಮಾ ಪಡೆದ ನನಗೆ ಇದು ಆ ದಿನದವರೆಗೆ ತಿಳಿದಿರಲಿಲ್ಲ!

ನಾವಿಂದು ವಾಸಿಸುವ ನೆಲವೂ ಅಂಥವರದೇ. 1970ರ ಮಾರ್ಚ್ 17ರಂದು ಸಿಡ್ಕೋ ಸಂಸ್ಥೆ ಸ್ಥಾಪನೆಯಾಯಿತು. ಈ ಪ್ರದೇಶದ ಒಟ್ಟು 95 ಗ್ರಾಮಗಳ ಭೂಮಿ ಹಂತಹಂತವಾಗಿ ಹೊಸ ನಗರಕ್ಕೆ ನಿಗದಿಯಾಯಿತು. ಕೋಳಿಗಳ ಮೀನುಗಾರಿಕೆ, ಆಗ್ರಿ ಜನಾಂಗದ ಭತ್ತದ ಗದ್ದೆ, ಉಪ್ಪಿನ ಆಗರ ಇವೇ ಇಲ್ಲಿನ ಜೀವನವಾಗಿದ್ದವು. ಕಡಲನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿ ಉಪ್ಪುಮಣ್ಣಿನಲ್ಲಿ ಭತ್ತ ಬೆಳೆದವರು ಅವರು. ಪರಿಹಾರ ಸಾಲದೆಂದು ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಚಳವಳಿ ನಡೆಯಿತು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ ಗೋಲೀಬಾರಾಗಿ ಐವರು ಪ್ರಾಣ ತೆತ್ತರು. ಸ್ವಾಧೀನಪಡಿಸಿಕೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ಭೂಮಾಲೀಕರಿಗೆ ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ. ಖೈರಣೆ, ಬೋಂಕೋಡೆಯಂತಹ ಹಳೆಯ ಊರುಗಳು ಸೆಕ್ಟರುಗಳ ನಡುವೆ ಇಕ್ಕಟ್ಟಾಗಿ ಉಳಿದಿವೆ. ನಾವು ತರಕಾರಿಗೆಂದು ಅವುಗಳ ಬೀದಿಯಲ್ಲಿ ಹಾಯುತ್ತೇವೆ, ಇತಿಹಾಸ ಕೇಳುವುದಿಲ್ಲ.

ಕಾರ್ಖಾನೆಗಳ ಕೊಳೆನೀರಿನಿಂದ ಖಾಡಿಯ ಮೀನು ಕ್ಷೀಣಿಸಿದೆಯೆಂದು ಕಾಕಾ ಹೇಳಿದರು. ಬಳಿಕ ನಕ್ಕು, "ನೀವು ಏಕಾದಶಿ ಬಿಡದವರಲ್ಲವೇ? ಆ ದಿನ ಉಬ್ಬರ ಎಷ್ಟು ಹೊತ್ತಿಗೆ, ಹೇಳಿ ನೋಡೋಣ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗ, "ಎಂಟೂಕಾಲು" ಎಂದ. ಕಾಕಾ ಅವನ ಬೆನ್ನು ತಟ್ಟಿದರು. ನಿಮ್ಮ ಮಕ್ಕಳಿಗೆ ಈ ಲೆಕ್ಕ ಬರುವುದೇ ಎಂದು ಕೇಳಿದೆ.

"ಅವರು ಫೋನಿನಲ್ಲಿ ನೋಡುತ್ತಾರೆ, ಸಾಹೇಬ."

ನಮ್ಮ ಮನೆಯಲ್ಲಿ ಏಕಾದಶಿಯನ್ನೂ ಈಗ ಹಾಗೆಯೇ ನೋಡುವುದೆಂದು ನಾನು ಅವರಿಗೆ ಹೇಳಲಿಲ್ಲ. ಹಿಂತಿರುಗುವ ಗಾಡಿಯಲ್ಲಿ ಮೊಮ್ಮಗ ಮುಂದಿನ ಏಕಾದಶಿಯ ಉಬ್ಬರವನ್ನು ಫೋನಿನಲ್ಲಿ ಹುಡುಕಿದ. ಕಾಕಾನ ಲೆಕ್ಕಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಕೆಲವೇ ನಿಮಿಷಗಳದು.