ಮಾತ್ರೆಯಲ್ಲಿ ಮದ್ದಲ್ಲದ್ದು

ಮನೆಯಲ್ಲಿ ಜ್ವರದ ಮಾತ್ರೆಯ ಪಟ್ಟಿ ಇದ್ದರೆ ತೆಗೆದು ಹಿಂಬದಿಯನ್ನು ಓದಿ ನೋಡಿ. ಪ್ಯಾರಸಿಟಮಾಲ್ 500 ಮಿ.ಗ್ರಾಂ. ಎಂದು ಬರೆದಿರುತ್ತದೆ. ಅದೇ ಮಾತ್ರೆಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು ತೂಗಿದರೆ ಮುಳ್ಳು 500ಕ್ಕೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ 550 ಮಿ.ಗ್ರಾಂ. ದಾಟುತ್ತದೆ. ಥೈರಾಯ್ಡ್ ತೊಂದರೆಯವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಮಾತ್ರೆಯ ಲೆಕ್ಕ ಇನ್ನೂ ವಿಚಿತ್ರ. ಅದರಲ್ಲಿರುವ ಮದ್ದು 50 ಮೈಕ್ರೋಗ್ರಾಂ. ಮಾತ್ರೆ 100 ಮಿ.ಗ್ರಾಂ. ತೂಗುತ್ತದೆ ಎಂದಿಟ್ಟುಕೊಂಡರೆ ಎರಡು ಸಾವಿರ ಪಾಲಿನಲ್ಲಿ ಒಂದೇ ಒಂದು ಪಾಲು ಮದ್ದು. ಉಳಿದ 1,999 ಪಾಲು ಏನು?

ಪಟ್ಟಿಯ ಮೇಲೆ ಇದಕ್ಕೆ ಸಿಗುವ ಉತ್ತರ ಬಹಳ ಚಿಕ್ಕದು: ‘ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.’. ಪೂರಕ ದ್ರವ್ಯಗಳು, ಸಾಕಾಗುವಷ್ಟು ಎಂದು ಅರ್ಥ. ಅಡುಗೆ ಪುಸ್ತಕಗಳಲ್ಲಿ ‘ಉಪ್ಪು, ರುಚಿಗೆ ತಕ್ಕಷ್ಟು’ ಎಂದು ಬರೆದಿರುತ್ತಾರಲ್ಲ, ಹಾಗೆ. ಇದನ್ನು ಕಲಬೆರಕೆ ಎಂದು ತಿಳಿಯಬೇಕಾಗಿಲ್ಲ. ಈ ‘ಸಾಕಾಗುವಷ್ಟು’ ಇಲ್ಲದಿದ್ದರೆ ಮಾತ್ರೆಯೇ ಇಲ್ಲ. ಅಷ್ಟೇ ಅಲ್ಲ, ಒಳಗಿನ ಮದ್ದು ಮೈಗೆ ಹತ್ತುತ್ತದೆಯೋ ಇಲ್ಲವೋ ಎಂಬುದನ್ನೂ ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ.

ಈ ವಿದ್ಯೆ ನಮಗೆ ಹೊಸದೂ ಅಲ್ಲ. ಕನ್ನಡದಲ್ಲಿ ಇದಕ್ಕೆ ಎರಡು ಹೆಸರುಗಳಿವೆ. ಉತ್ತರ ಕರ್ನಾಟಕದ ಕಡೆ ಗುಳಿಗೆ ಎಂಬ ಮಾತು ಹೆಚ್ಚು, ನಮ್ಮ ಮೈಸೂರು ಸೀಮೆಯಲ್ಲಿ ಮಾತ್ರೆ. ಗುಳಿಗೆ ಎಂದರೆ ಉಂಡೆ, ಮಾತ್ರೆ ಎಂದರೆ ಅಳತೆ. ಒಂದು ಹೆಸರು ಆಕಾರವನ್ನು ಹೇಳಿದರೆ ಇನ್ನೊಂದು ಪ್ರಮಾಣವನ್ನು ಹೇಳುತ್ತದೆ. ಚೂರ್ಣವನ್ನು ಉಂಡೆಯಾಗಿಸುವುದು ಹೇಗೆ ಎಂಬುದಕ್ಕೆ ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲಿ ಲೆಕ್ಕವೇ ಇದೆ. ಸಕ್ಕರೆಯಲ್ಲಿ ಕಟ್ಟುವುದಾದರೆ ಚೂರ್ಣದ ನಾಲ್ಕರಷ್ಟು, ಬೆಲ್ಲವಾದರೆ ಎರಡರಷ್ಟು, ಗುಗ್ಗುಳ ಅಥವಾ ಜೇನಾದರೆ ಸಮಸಮ, ದ್ರವವಾದರೆ ಎರಡರಷ್ಟು. ಇಂದಿನ ಔಷಧ ವಿಜ್ಞಾನದ ವಿದ್ಯಾರ್ಥಿ ‘ಬಂಧಕ’ ಎಂಬ ಅಧ್ಯಾಯದಲ್ಲಿ ಓದುವುದು ಇದನ್ನೇ: ಯಾವ ಅಂಟಿಗೆ ಎಷ್ಟು ಪುಡಿ.

ಗುಗ್ಗುಳದ ಗುಳಿಗೆ ಮಾಡುವವರು ಒರಳಿನಲ್ಲಿ ಕುಟ್ಟುವಾಗ ತುಪ್ಪ ಸವರುತ್ತಿದ್ದರು. ಉರುಳಿಸುವ ಬೆರಳಿಗೂ ತುಪ್ಪ. ಅಂಟು ಉಂಡೆಗೆ ಬೇಕು, ಕೈಗೆ ಬೇಡ! ನಂತರ ನೆರಳಿನಲ್ಲಿ ಒಣಗಿಸುವುದು. ಬಿಸಿಲಿಗೆ ಹಾಕಿದರೆ ಮೇಲ್ಪದರ ಮೊದಲು ಒಣಗಿ ಬಿರುಕು ಬಿಡುತ್ತದೆ.

ಮೈಸೂರು ಸಂಸ್ಥಾನದಲ್ಲಿ ಈ ಮನೆವಿದ್ಯೆ ಶಾಲೆಯ ವಿದ್ಯೆಯಾದದ್ದು 20ನೇ ಶತಮಾನದ ಆರಂಭದಲ್ಲಿ. ಸಯ್ಯಾಜಿರಾವ್ ರಸ್ತೆಯಲ್ಲಿರುವ ಸರ್ಕಾರಿ ಆಯುರ್ವೇದ ಕಾಲೇಜಿನ ಮೂಲ 1908ರದು. ಐದು ವರ್ಷಗಳ ನಂತರ, 1913ರಲ್ಲಿ, ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿದರು. ನಂಜನಗೂಡು ಹಲ್ಲುಪುಡಿಯ ಹೆಸರು ಕೇಳದ ಕನ್ನಡಿಗರು ವಿರಳ. ವೈದ್ಯರು ರೋಗಿಯ ಎದುರಿಗೆ ಕುಳಿತು ಮದ್ದು ಅರೆದು ಕೊಡುವ ಕಾಲ ಹೋಗಿ, ಒಂದು ಊರಿನಲ್ಲಿ ತಯಾರಾದ ಔಷಧ ಇನ್ನೊಂದು ಊರಿನ ಅಂಗಡಿಯಲ್ಲಿ ಮಾರಾಟವಾಗುವ ಕಾಲ ಬಂದಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಗುಳಿಗೆ ಎಷ್ಟೋ ವೇಳೆ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ಆದರೂ ತೊಂದರೆಯಾಗಲಿಲ್ಲ, ಏಕೆಂದರೆ ಅದನ್ನು ಇಡಿಯಾಗಿ ನುಂಗುವುದೇ ನಿಯಮವಾಗಿರಲಿಲ್ಲ. ಸಾಣೆಕಲ್ಲಿನ ಮೇಲೆ ಜೇನಿನಲ್ಲೋ ಶುಂಠಿರಸದಲ್ಲೋ ತೇದು ನೆಕ್ಕಿಸುತ್ತಿದ್ದರು. ಮಕ್ಕಳಿಗಂತೂ ತೇದೇ ಕೊಡಬೇಕು. ಅಂದರೆ ಗುಳಿಗೆಯನ್ನು ಒಡೆದು ಕರಗಿಸುವ ಕೆಲಸ ಹೊಟ್ಟೆಗೆ ಹೋಗುವ ಮೊದಲೇ ಅಜ್ಜಿಯ ಕೈಯಲ್ಲಿ ಮುಗಿದಿರುತ್ತಿತ್ತು. ಯಂತ್ರದ ಮಾತ್ರೆ ಬಂದಾಗ ಆ ಕೆಲಸ ಅಜ್ಜಿಯ ಕೈ ತಪ್ಪಿ ಮಾತ್ರೆಯ ಪಾಲಿಗೆ ಬಂತು. ಮುಂದಿನ ತಾಪತ್ರಯವೆಲ್ಲ ಶುರುವಾದದ್ದು ಇಲ್ಲಿಂದ ಎನ್ನಬಹುದು.

ಯಂತ್ರ ಬಂದ ಕಥೆ ಪೆನ್ಸಿಲ್‌ನಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಚಿತ್ರಕಾರ. ಒಳ್ಳೆಯ ಪೆನ್ಸಿಲ್ ಸೀಸ ಸಿಗದೆ, ಪುಡಿಯಾದ ಗ್ರಾಫೈಟನ್ನೇ ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡುವ ಉಪಾಯ ಹುಡುಕಿದ. ಅದೇ ಅಚ್ಚಿನಲ್ಲಿ ಔಷಧದ ಪುಡಿಯನ್ನೂ ಒತ್ತಬಹುದೆಂದು 1843ರಲ್ಲಿ ಪೇಟೆಂಟ್ ಪಡೆದ. 1884ರಲ್ಲಿ ಬರೋಸ್ ವೆಲ್‌ಕಮ್ ಕಂಪೆನಿ ತನ್ನ ಒತ್ತಿದ ಮಾತ್ರೆಗಳಿಗೆ ‘ಟ್ಯಾಬ್ಲಾಯ್ಡ್’ ಎಂಬ ಹೆಸರನ್ನು ನೋಂದಾಯಿಸಿತು. ಹೆಚ್ಚು ಸರಕನ್ನು ಚಿಕ್ಕದಾಗಿ ಒತ್ತಿ ಕೊಡುವುದು ಎಂಬ ಅರ್ಥದಲ್ಲಿ ಆ ಮಾತು ಆಮೇಲೆ ಪತ್ರಿಕೆಗಳಿಗೂ ಅಂಟಿಕೊಂಡಿತು. ನಮ್ಮ ವೃತ್ತಿಯ ಒಂದು ಪದ ಔಷಧದಂಗಡಿಯಿಂದ ಬಂದದ್ದು ಎಂದು ಪತ್ರಿಕೋದ್ಯಮದ ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ದೇಶದ ಗಿಡಮೂಲಿಕೆಯೂ ಈ ಅಚ್ಚಿಗೆ ಬಂತು. ಡೆಹ್ರಾಡೂನಿನಲ್ಲಿ 1930ರಲ್ಲಿ ಹಿಮಾಲಯ ಡ್ರಗ್ ಕಂಪೆನಿ ಸ್ಥಾಪಿಸಿದ ಮೊಹಮ್ಮದ್ ಮನಾಲ್, ತಾಯಿಯ ಒಡವೆ ಅಡವಿಟ್ಟು ಕೈಯಿಂದ ತಿರುಗಿಸುವ ಮಾತ್ರೆಯ ಯಂತ್ರ ಕೊಂಡರು ಎಂಬುದು ಕಂಪೆನಿ ಹೇಳಿಕೊಳ್ಳುವ ಕಥೆ. ಸರ್ಪಗಂಧದ ಬೇರಿನಿಂದ ರಕ್ತದೊತ್ತಡಕ್ಕೆ ಮಾಡಿದ ‘ಸರ್ಪಿನಾ’ 1934ರಲ್ಲಿ ಹೊರಬಂತು. 1975ರಲ್ಲಿ ಇದೇ ಕಂಪೆನಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ಕಾರ್ಖಾನೆ ತೆರೆಯಿತು.

ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1973ರಲ್ಲಿ ಆರಂಭವಾಯಿತು. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮಾತ್ರೆ ಒತ್ತಲು ಹೊರಟಾಗ ಮೊದಲು ಎದುರಾಗುವುದು ಮದ್ದಿನ ರಸಾಯನಶಾಸ್ತ್ರವಲ್ಲ, ಪುಡಿಯ ಹಟಮಾರಿತನ. ಅಡುಗೆಮನೆಗೆ ಬಂದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಲಿಕೆಯಲ್ಲಿ ರವೆ ಸುರಿಯಿರಿ, ಸರಸರನೆ ಇಳಿಯುತ್ತದೆ. ಮೈದಾ ಸುರಿಯಿರಿ, ಕಟ್ಟಿಕೊಂಡು ನಿಲ್ಲುತ್ತದೆ. ಮಾತ್ರೆಯ ಯಂತ್ರ ತೂಕ ಮಾಡುವುದಿಲ್ಲ. ಅಚ್ಚಿನ ಕುಳಿಯಲ್ಲಿ ಎಷ್ಟು ಪುಡಿ ಇಳಿಯಿತೋ ಅಷ್ಟೇ ಮಾತ್ರೆ. ಪುಡಿ ಸರಾಗವಾಗಿ ಇಳಿಯದಿದ್ದರೆ ಒಂದು ಮಾತ್ರೆ ದಪ್ಪ, ಇನ್ನೊಂದು ತೆಳ್ಳಗೆ. ಮದ್ದಿನ ಪ್ರಮಾಣವೂ ಹಾಗೆಯೇ. ಆದ್ದರಿಂದ ಮೈದಾದಂಥ ಪುಡಿಯನ್ನು ರವೆಯಂತೆ ಮಾಡಬೇಕು. ಮೆಕ್ಕೆಜೋಳದ ಪಿಷ್ಟದ ಗಂಜಿಯಲ್ಲಿ ಕಲಸಿ, ಜರಡಿಯಲ್ಲಿ ಒತ್ತಿ, ಒಣಗಿಸಿ ಹರಳು ಮಾಡುತ್ತಾರೆ. ಮದ್ದು ತೀರಾ ಕಡಿಮೆಯಿದ್ದರೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಬೆರೆಸಿ ಗಾತ್ರ ಕೂಡಿಸುತ್ತಾರೆ. ಥೈರಾಯ್ಡ್ ಮಾತ್ರೆಯ ಆ 1,999 ಪಾಲಿನಲ್ಲಿ ದೊಡ್ಡ ಭಾಗ ಇಂಥ ತುಂಬುದ್ರವ್ಯವೇ.

ಮುಂದಿನದು ಒತ್ತಡ. ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದೆರಡು ಟನ್ ಭಾರ, ಅದೂ ಕಣ್ಣು ಮಿಟುಕಿಸುವುದರೊಳಗೆ. ಪ್ಯಾರಸಿಟಮಾಲ್ ಇದಕ್ಕೆ ಸುಲಭವಾಗಿ ಬಗ್ಗುವ ವಸ್ತುವಲ್ಲ. ಅದರ ಹರಳುಗಳು ಒತ್ತಿದಾಗ ಅಡಗಿ, ಬಿಟ್ಟಾಗ ಮತ್ತೆ ಹಿಗ್ಗುತ್ತವೆ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರಂತೂ ಮಾತ್ರೆಯ ತಲೆ ಟೋಪಿಯಂತೆ ಕಳಚಿ ಬೀಳುತ್ತದೆ. ಇದನ್ನು ಹಿಡಿದಿಡಲು ಅಂಟು ಬೇಕು, ಒತ್ತಿದರೆ ಬಗ್ಗಿ ಹಾಗೆಯೇ ನಿಲ್ಲುವ ನಾರು ಬೇಕು. ಮರದ ತಿರುಳಿನಿಂದ ತೆಗೆದ ಸೂಕ್ಷ್ಮಹರಳಿನ ಸೆಲ್ಯುಲೋಸ್ 1960ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಎಷ್ಟೋ ಮದ್ದುಗಳನ್ನು ಗಂಜಿ ಹಾಕದೆ ಒಣಪುಡಿಯಾಗಿಯೇ ಒತ್ತುವುದು ಸಾಧ್ಯವಾಯಿತು.

ಆದರೆ ಅಂಟು ಹೆಚ್ಚಿದರೆ? ನಮ್ಮ ಕಡೆ ಹಬ್ಬಕ್ಕೆ ತಂಬಿಟ್ಟು ಕಟ್ಟುವವರಿಗೆ ಇದು ಗೊತ್ತು. ಬೆಲ್ಲದ ಪಾಕ ಎಳಸಾದರೆ ಉಂಡೆ ಉದುರುತ್ತದೆ, ಏರಿದರೆ ಹಲ್ಲಿಗೆ ಸವಾಲು. ಮಾತ್ರೆ ಕಾರ್ಖಾನೆಯಿಂದ ಲಾರಿಯಲ್ಲಿ ಕುಲುಕಿ ಊರು ಸೇರುವವರೆಗೆ ಪುಡಿಯಾಗಬಾರದು, ಹೊಟ್ಟೆ ಸೇರಿದ ಕೂಡಲೇ ಪುಡಿಯಾಗಬೇಕು. ಈ ವಿರೋಧಕ್ಕೆ ಪರಿಹಾರವಾಗಿ ಒಳಗೆ ಇನ್ನೊಂದು ದ್ರವ್ಯ ಸೇರಿಸುತ್ತಾರೆ. ನೀರು ಸೋಕಿದ ಕೂಡಲೇ ಹೀರಿ ಉಬ್ಬಿ ಮಾತ್ರೆಯನ್ನು ಒಳಗಿನಿಂದಲೇ ಸೀಳುವ ಪಿಷ್ಟದ ಜಾತಿಯ ವಸ್ತು ಇದು.

ಕೊನೆಯದಾಗಿ ಬೆರಳಿನ ತುಪ್ಪ. ಅದರ ಜಾಗದಲ್ಲಿ ಈಗ ಮೆಗ್ನೀಸಿಯಂ ಸ್ಟಿಯರೇಟ್ ಎಂಬ ನುಣುಪಾದ ಬಿಳಿ ಪುಡಿ ಇದೆ. ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಇದಿಲ್ಲದಿದ್ದರೆ ಮಾತ್ರೆ ಅಚ್ಚಿಗೆ ಅಂಟುತ್ತದೆ. ಇದನ್ನು ಹಾಕಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕಲಸಿದರೆ ಜಿಡ್ಡು ಪ್ರತಿ ಕಣದ ಮೈಗೂ ಬಳಿದುಕೊಂಡು ನೀರು ಒಳಗೆ ಹೋಗುವುದಿಲ್ಲ. ಅದೇ ಮದ್ದು, ಅದೇ ತೂಕ, ಅದೇ ಬಣ್ಣ. ಕೆಲವು ನಿಮಿಷ ಹೆಚ್ಚು ಕಲಸಿದ್ದರಿಂದ ಮಾತ್ರೆ ಕರಗುವುದು ತಡವಾಗುತ್ತದೆ. ಪೂರಕ ದ್ರವ್ಯವನ್ನು ‘ಜಡವಸ್ತು’ ಎಂದು ಕರೆಯುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೇರೆ ಸಾಕ್ಷಿಯೂ ಇದೆ, ಅದು ನೋವಿನದು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ 1968ರ ಸುಮಾರಿಗೆ ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಹಲವರು ಇದ್ದಕ್ಕಿದ್ದಂತೆ ತೂರಾಡತೊಡಗಿದರು, ಕಣ್ಣು ಮಂಜಾಯಿತು. ವೈದ್ಯರು ಪ್ರಮಾಣ ಹೆಚ್ಚಿಸಿರಲಿಲ್ಲ. ರಕ್ತ ಪರೀಕ್ಷಿಸಿದರೆ ಮದ್ದು ಮಿತಿ ಮೀರಿತ್ತು. ವಿಚಾರಿಸಿದಾಗ ತಿಳಿದದ್ದು, ತಯಾರಕರು ಕ್ಯಾಪ್ಸೂಲಿನ ತುಂಬುದ್ರವ್ಯವನ್ನು ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಲ್ಯಾಕ್ಟೋಸ್‌ಗೆ ಬದಲಿಸಿದ್ದರು. ಕ್ಯಾಲ್ಸಿಯಂ ಮದ್ದಿನ ಒಂದು ಪಾಲನ್ನು ರಕ್ತಕ್ಕೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತಿತ್ತು, ಲ್ಯಾಕ್ಟೋಸ್ ಹಿಡಿದುಕೊಳ್ಳಲಿಲ್ಲ. ಇದು ಕ್ಯಾಪ್ಸೂಲಿನ ಕಥೆಯಾದರೂ ಮಾತ್ರೆ ಮಾಡುವವರೆಲ್ಲ ಇದನ್ನು ಓದುತ್ತಾರೆ. ಫ್ರಾನ್ಸ್‌ನಲ್ಲಿ 2017ರಲ್ಲಿ ಥೈರಾಯ್ಡ್ ಮಾತ್ರೆಯೊಂದರ ಲ್ಯಾಕ್ಟೋಸ್ ತೆಗೆದು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲ ಸೇರಿಸಿದಾಗ ಸಾವಿರಾರು ರೋಗಿಗಳು ಸುಸ್ತು, ತಲೆನೋವು ಎಂದು ದೂರು ಕೊಟ್ಟರು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ಬದಲಾದದ್ದು ಮದ್ದಲ್ಲ, ಮದ್ದಲ್ಲದ್ದು.

ಹಾಗಾದರೆ ಜನೌಷಧಿ ಅಂಗಡಿಯ ಅಗ್ಗದ ಮಾತ್ರೆಯೂ ದುಬಾರಿ ಹೆಸರಿನ ಮಾತ್ರೆಯೂ ಒಂದೆಯೇ ಎಂದು ಕೇಳುವವರ ಪ್ರಶ್ನೆ ಅಸಂಬದ್ಧವಲ್ಲ. ಮದ್ದು ಒಂದೇ, ಪೂರಕ ದ್ರವ್ಯ ಬೇರೆ ಇರಬಹುದು. ಬೇರೆಯಾದ ಮಾತ್ರಕ್ಕೆ ಕೆಟ್ಟದ್ದೇನೂ ಅಲ್ಲ. ಬೆಲೆಗೂ ಇದಕ್ಕೂ ನೇರ ಸಂಬಂಧವಿಲ್ಲ, ದುಬಾರಿ ಮಾತ್ರೆಯಲ್ಲೂ ಕಲಸುವಾಗ ತಪ್ಪಬಹುದು. ನೋಡಬೇಕಾದದ್ದು ಪರೀಕ್ಷೆಯನ್ನು. 1955ರಲ್ಲಿ ಮೊದಲು ಪ್ರಕಟವಾದ ಇಂಡಿಯನ್ ಫಾರ್ಮಕೋಪಿಯ ನಮ್ಮ ದೇಶದ ಔಷಧಗಳ ಅಳತೆಗೋಲು. ಇಂದಿನ ಪದ್ಧತಿಯಂತೆ ಲೇಪವಿಲ್ಲದ ಸಾಧಾರಣ ಮಾತ್ರೆಯನ್ನು ಜಾಲರಿ ತಳದ ಗಾಜಿನ ಕೊಳವೆಯಲ್ಲಿಟ್ಟು 37 ಡಿಗ್ರಿ ಬಿಸಿಯ ನೀರಿನಲ್ಲಿ ಮೇಲೆ ಕೆಳಗೆ ಆಡಿಸಿದರೆ 15 ನಿಮಿಷದೊಳಗೆ ಒಡೆದು ಜಾಲರಿ ದಾಟಬೇಕು. ಒಡೆದರೆ ಸಾಲದು, ಮದ್ದು ಕರಗಿತೇ ಎಂಬುದಕ್ಕೆ ಇನ್ನೊಂದು ಪರೀಕ್ಷೆಯಿದೆ. ಕರಗಿದ್ದು ರಕ್ತ ಸೇರಿತೇ ಎಂಬುದು ಮೂರನೆಯದು. ಇದನ್ನು ಮನುಷ್ಯರ ಮೇಲೆಯೇ ನೋಡಬೇಕು. ನೀರಿನಲ್ಲಿ ಸುಲಭವಾಗಿ ಕರಗದ ವರ್ಗದ ಮದ್ದುಗಳಿಗೆ ಈ ಮೂರನೆಯ ಪರೀಕ್ಷೆಯನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದ್ದು 2017ರ ಏಪ್ರಿಲ್‌ನಲ್ಲಿ. ಬ್ರಿಸ್ಬೇನ್ ಘಟನೆಯಾಗಿ ಹೆಚ್ಚುಕಡಿಮೆ ಅರ್ಧ ಶತಮಾನದ ನಂತರ!

ಪೂರಕ ದ್ರವ್ಯಕ್ಕಾಗಿ ಹೊರದೇಶದ ಕಡೆಗೇ ನೋಡಬೇಕೆಂದೂ ಇಲ್ಲ. ಚಳ್ಳಕೆರೆಯ ಕಡೆ ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದೇ ಬೀಜದ ಅಂಟನ್ನು ಮಾತ್ರೆಗೆ ಬಂಧಕವಾಗಿ ಬಳಸುವ ಬಗ್ಗೆ ಔಷಧ ವಿಜ್ಞಾನಿಗಳು ಸಾಕಷ್ಟು ಪ್ರಯೋಗ ನಡೆಸಿದ್ದಾರೆ. ನೀರಿನಲ್ಲಿ ಲೋಳೆಯಾಗಿ ಉಬ್ಬುವ ಗುಣ ಅದಕ್ಕಿದೆ. ಹಾಗಾಗಿ ಮದ್ದನ್ನು ತಡೆದು ನಿಧಾನವಾಗಿ ಬಿಡುವ ಮಾತ್ರೆಗಳಿಗೂ ಅದು ಹೊಂದುತ್ತದೆ.

ಈ ‘ನಿಧಾನದ’ ಮಾತ್ರೆಗಳ ವಿಷಯದಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸವನ್ನು ಹೇಳಲೇಬೇಕು. ವಯಸ್ಸಾದವರಿಗೆ ನುಂಗಲು ಕಷ್ಟವೆಂದು ಮಾತ್ರೆಯನ್ನು ಚಮಚದಲ್ಲಿ ಅರೆದು ಜೇನಿನಲ್ಲಿ ಕೊಡುತ್ತೇವೆ. ತೇದು ಕೊಡುವ ಹಳೆಯ ರೂಢಿಯೇ ಇದು. ಸಾಧಾರಣ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಇದು ನಡೆಯುತ್ತದೆ. ಆದರೆ ಹೆಸರಿನ ಮುಂದೆ ಎಸ್.ಆರ್., ಇ.ಆರ್., ಎಕ್ಸ್.ಆರ್. ಎಂಬ ಅಕ್ಷರಗಳಿದ್ದರೆ ಕೈ ತಡೆಯಬೇಕು. ಇವುಗಳಲ್ಲಿ ಹಲವು ಹೊಟ್ಟೆಯಲ್ಲಿ ನೆನೆದ ಕಾಮಕಸ್ತೂರಿ ಬೀಜದಂತೆ ಸುತ್ತಲೂ ಲೋಳೆ ಕಟ್ಟಿಕೊಂಡು, ಹನ್ನೆರಡು ಗಂಟೆಗೋ ಇಡೀ ದಿನಕ್ಕೋ ಆಗುವಷ್ಟು ಮದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಅರೆದರೆ ಆ ಕಟ್ಟು ಹರಿದು ಅಷ್ಟೂ ಮದ್ದು ಒಮ್ಮೆಗೇ ರಕ್ತಕ್ಕೆ ಸೇರಬಹುದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳಲ್ಲಿ ಇಂಥವು ಅನೇಕ. ಹೊಟ್ಟೆಯ ಆಮ್ಲದಿಂದ ರಕ್ಷಿಸಲು ಲೇಪ ಹಾಕಿದ ಮಾತ್ರೆಗಳನ್ನೂ ಅರೆಯುವಂತಿಲ್ಲ. ಅರೆಯಬಹುದೇ, ಅರ್ಧ ಮಾಡಬಹುದೇ ಎಂದು ಔಷಧದಂಗಡಿಯ ಫಾರ್ಮಸಿಸ್ಟರನ್ನು ಕೇಳಿದರೆ ಅವರು ಹೇಳುತ್ತಾರೆ. ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ.